ಮಸ್ಕತ್‌ನಲ್ಲಿ ರೋಜಾ, ಚಾಮರಾಜಪೇಟೆಯಲ್ಲಿ ಈದ್

ಮಸ್ಕತ್‌ನಲ್ಲಿ ಕೆಲಸ ಅಂದ ಕೂಡಲೇ ಬೆಂಗಳೂರಲ್ಲಿ ಎಲ್ಲರೂ ಕೇಳುವ ಮಾತು ಒಂದೇ. "ರಂಜಾನ್ ಅಲ್ಲಿ ಜೋರಲ್ವಾ? ಇಡೀ ದೇಶವೇ ನಿಮ್ಮವರು." ತಿಂಗಳ ಮಟ್ಟಿಗೆ ಈ ಮಾತು ನಿಜ. ಹಬ್ಬದ ದಿನದ ಮಟ್ಟಿಗೆ ಮಾತ್ರ ನಿಜ ಅಲ್ಲ. ರೋಜಾ, ಅಂದರೆ ರಂಜಾನ್ ಉಪವಾಸ, ಹಿಡಿಯೋಕೆ ಮಸ್ಕತ್‌ನಷ್ಟು ಸಲೀಸಾದ ಊರು ನಾನು ಕಂಡಿಲ್ಲ. ಆದರೆ ಈದ್ ದಿನ ಅಲ್ಲಿ ಆಗುವಷ್ಟು ಒಂಟಿತನ ವರ್ಷದ ಬೇರೆ ಯಾವ ದಿನವೂ ಆಗಲ್ಲ. ಹಾಗಾಗಿ 2025ರ ಈದ್‌ಗೆ ಹೆಂಡತಿ, ಮಗಳು, ನಾನು ಬೆಂಗಳೂರಿಗೆ ಬಂದೆವು. ಯುಗಾದಿಯೂ ಈದೂ ಒಂದರ ಬೆನ್ನಿಗೆ ಒಂದು ಬಂದಿದ್ದ ವರ್ಷ ಅದು. ಆ ವಾರದ ಕಥೆ ಇದು.

ಮಂಗಳವಾರ, ಮಾರ್ಚ್ 25, ಮಸ್ಕತ್

ಮೊದಲು ಅಲ್ಲಿನ ರಂಜಾನ್ ಹೇಗಿರುತ್ತೆ ಅಂತ ಹೇಳಿಬಿಡುತ್ತೇನೆ.

ಒಮಾನ್‌ನ ಕಾರ್ಮಿಕ ಕಾನೂನಿನ ಪ್ರಕಾರ ಈ ತಿಂಗಳಲ್ಲಿ ಮುಸ್ಲಿಂ ನೌಕರರಿಗೆ ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಮಧ್ಯಾಹ್ನ ಕಳೆಯುತ್ತಿದ್ದ ಹಾಗೆ ಆಫೀಸು ಖಾಲಿ. ಹಗಲಲ್ಲಿ ಹೋಟೆಲ್‌ಗಳ ಬಾಗಿಲು ಮುಚ್ಚಿರುತ್ತೆ. ಎಲ್ಲರ ಎದುರು ತಿನ್ನುವುದು, ನೀರು ಕುಡಿಯುವುದು ಕಾನೂನಿನಲ್ಲೇ ತಪ್ಪು, ಮುಸ್ಲಿಮರಲ್ಲದವರಿಗೂ ಅಷ್ಟೇ. ನನ್ನ ಜೊತೆ ಕೆಲಸ ಮಾಡುವ ಹಾಸನದ ಗೆಳೆಯ ಪ್ಯಾಂಟ್ರಿ ಬಾಗಿಲು ಹಾಕಿಕೊಂಡು ಊಟ ಮಾಡುತ್ತಾನೆ. ಒಂದು ದಿನವೂ ಬೇಸರ ಮಾಡಿಕೊಂಡವನಲ್ಲ, ಆದರೆ ನನಗೇ ಮುಜುಗರ ಆಗುತ್ತೆ. ನನ್ನ ಉಪವಾಸಕ್ಕೆ ಅವನು ಯಾಕೆ ಬಾಗಿಲು ಹಾಕಿಕೊಳ್ಳಬೇಕು?

ಸಂಜೆ ಆದರೆ ಊರಿನ ಚಹರೆಯೇ ಬೇರೆ. ರುವಿ ಅನ್ನುವುದು ನಮ್ಮ ಭಾರತದವರು ಜಾಸ್ತಿ ಇರುವ ಜಾಗ. ಅಲ್ಲಿ ಮಸೀದಿಯ ಅಂಗಳದಲ್ಲಿ ಉದ್ದಕ್ಕೆ ಪ್ಲಾಸ್ಟಿಕ್ ಹಾಸು ಹಾಸಿರುತ್ತಾರೆ. ಖರ್ಜೂರ, ಲಬನ್ ಮಜ್ಜಿಗೆ, ನೀರು, ಹೋಳು ಮಾಡಿದ ಹಣ್ಣು, ಆಮೇಲೆ ದೊಡ್ಡ ತಟ್ಟೆಯಲ್ಲಿ ಅನ್ನ, ಅದರ ಮೇಲೆ ಮಾಂಸ. ನಾಲ್ಕೈದು ಜನಕ್ಕೆ ಒಂದು ತಟ್ಟೆ. ಬಾಂಗ್ಲಾದೇಶದ ಕೂಲಿಯವರು, ಪಾಕಿಸ್ತಾನದ ಡ್ರೈವರು, ಕೇರಳದ ಅಂಗಡಿಯವರು, ಮಂಗಳೂರಿನ ಬ್ಯಾರಿ ಹುಡುಗರು, ಎಲ್ಲರೂ ಒಂದೇ ಸಾಲಲ್ಲಿ. ಊಟ ಯಾರು ಕೊಟ್ಟರು ಅಂತ ಯಾರಿಗೂ ಗೊತ್ತಿಲ್ಲ, ಕೇಳುವವರೂ ಇಲ್ಲ. ಮಧ್ಯ ರಂಜಾನ್‌ನಲ್ಲಿ ಖರನ್‌ಖಶೋ ಅಂತ ಮಕ್ಕಳ ಹಬ್ಬ ಬೇರೆ ಬರುತ್ತೆ. ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಹಾಡು ಹೇಳುತ್ತಾ ಮನೆ ಮನೆಗೆ ಹೋಗಿ ಮಿಠಾಯಿ ಇಸ್ಕೊಂಡು ಬರುತ್ತವೆ. ನಮ್ಮ ಮಗಳು ಬೆಳೆದದ್ದೆಲ್ಲ ಅಲ್ಲೇ, ಅವಳ ಪಾಲಿಗೆ ರಂಜಾನ್ ಅಂದರೆ ಅದೇ.

ಆದರೆ ಈದ್ ಹತ್ತಿರ ಬಂದ ಹಾಗೆ ಊರು ಬರಿದಾಗುತ್ತೆ. ಒಮಾನಿಗಳು ತಮ್ಮ ತಮ್ಮ ಊರಿಗೆ ಹೊರಡುತ್ತಾರೆ, ನಿಜ್ವಾ, ಸೂರ್, ಇಬ್ರಿ, ರುಸ್ತಾಕ್. ಅದು ಸಹಜ ಅಲ್ವಾ, ಹಬ್ಬಕ್ಕೆ ಊರಿಗೆ ಹೋಗದೆ ಇನ್ನೇನು. ಉಳಿಯುವವರು ನಮ್ಮಂಥವರು. ಬೆಳಗ್ಗೆ ಎದ್ದು ಸ್ನಾನ ಮಾಡಿ ಮೈದಾನದಲ್ಲಿ ನಮಾಜ್ ಮುಗಿಸಿ, ಹೆಸರು ಗೊತ್ತಿಲ್ಲದವರನ್ನ ಅಪ್ಪಿಕೊಂಡು ಈದ್ ಮುಬಾರಕ್ ಹೇಳಿ ಮನೆಗೆ ಬಂದರೆ, ಎಂಟು ಗಂಟೆಗೆಲ್ಲ ಹಬ್ಬ ಮುಗಿದಿರುತ್ತೆ. ಆಮೇಲೆ ಎಸಿ ಹಾಕಿಕೊಂಡು ಫೋನ್ ಹಿಡಿದು ಊರಿನವರ ಮುಖ ನೋಡುವುದು. ಬಾಗಿಲು ತಟ್ಟುವವರು ಒಬ್ಬರೂ ಇಲ್ಲ.

ಒಂದು ವರ್ಷ ಮಾತ್ರ ಆಫೀಸಿನ ಒಮಾನಿ ಗೆಳೆಯ ನಮ್ಮನ್ನ ನಿಜ್ವಾ ಹತ್ತಿರದ ತನ್ನ ಹಳ್ಳಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಶುವಾ ಮಾಡುವುದು ನೋಡಿದೆವು. ಮಸಾಲೆ ಮೆತ್ತಿದ ಮಾಂಸವನ್ನ ಎಲೆಯಲ್ಲಿ ಸುತ್ತಿ, ಖರ್ಜೂರದ ಗರಿಯಲ್ಲಿ ಹೆಣೆದ ಚೀಲದಲ್ಲಿ ಹಾಕಿ, ನೆಲದಲ್ಲಿ ತೋಡಿದ ಕುಣಿಯ ಕೆಂಡದೊಳಗೆ ಇಳಿಸುತ್ತಾರೆ. ಬಾಯಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ತೆಗೆಯುವುದು ಒಂದು ದಿನ, ಕೆಲವು ಕಡೆ ಎರಡು ದಿನ ಕಳೆದ ಮೇಲೆ. ಹಳ್ಳಿಗೆಲ್ಲ ಒಂದೇ ಕುಣಿ, ಪ್ರತಿ ಮನೆಯ ಚೀಲಕ್ಕೂ ಒಂದೊಂದು ಗುರುತು. ಆ ಮನೆಯವರ ಪ್ರೀತಿಗೆ ಏನೂ ಕೊರತೆ ಇರಲಿಲ್ಲ. ಆದರೆ ಆ ಅಜ್ಜ ಅವರ ಅಜ್ಜ, ಆ ಸೋದರತ್ತೆ ಅವರ ಸೋದರತ್ತೆ. ವಾಪಸ್ ಬರುವಾಗ ಹೆಂಡತಿ ಕಾರಿನಲ್ಲಿ ಹೇಳಿದಳು, "ನಮ್ಮವರ ಮನೆಗೆ ಹೋಗಿ ಎಷ್ಟು ಈದ್ ಆಯ್ತು?"

ರಾತ್ರಿ ವಿಮಾನ. ಸೂಟ್‌ಕೇಸಲ್ಲಿ ಖಲಾಸ್ ಖರ್ಜೂರ, ಬರ್ಕಾದ ಹಲ್ವಾ, ಬೆಂಗಳೂರಿನ ನಮ್ಮ ಪಕ್ಕದ ಮನೆ ಅಜ್ಜಿಗೆ ಅಂತ ಧೋಫಾರ್ ಕಡೆಯ ಲೋಬಾನ.

ಬುಧವಾರ, ಮಾರ್ಚ್ 26

ಮೂರು ಗಂಟೆಯ ಹಾದಿ. ಗಡಿಯಾರ ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡು ದೇವನಹಳ್ಳಿಯಲ್ಲಿ ಇಳಿದಾಗ ಸಹರಿಗೆ, ಅಂದರೆ ರೋಜಾ ಶುರುವಾಗುವ ಮುಂಚಿನ ಊಟಕ್ಕೆ, ಇನ್ನೂ ಟೈಮ್ ಇತ್ತು. ಪ್ರಯಾಣದಲ್ಲಿರುವವರಿಗೆ ರೋಜಾ ಬಿಡುವ ಅನುಮತಿ ಇದೆ, ಮುಂದೆ ಯಾವಾಗಲಾದರೂ ಹಿಡಿದರೆ ಆಯ್ತು. ಆದರೆ ಮನೆ ತಲುಪುತ್ತಿದ್ದೇವಲ್ಲ, ಬಿಡಲು ಮನಸ್ಸಾಗಲಿಲ್ಲ. ಮಂಡ್ಯ ಕಡೆಯ ಕ್ಯಾಬ್ ಡ್ರೈವರ್ ಟೋಪಿ ನೋಡಿ ತಾನೇ ಕೇಳಿದರು, "ರೋಜಾನಾ ಸಾರ್? ಊಟದ ಹೊತ್ತು ಎಷ್ಟು ಗಂಟೆಗೆ ಮುಗಿಯುತ್ತೆ?" ಐದಕ್ಕೆ ಅಂದೆ. ಹೆಬ್ಬಾಳದ ಹತ್ತಿರ ಟೀಗೆ ನಿಲ್ಲಿಸಬೇಕು ಅಂತ ಇದ್ದವರು ನಿಲ್ಲಿಸಲೇ ಇಲ್ಲ. "ನನ್ ಟೀ ಆಮೇಲೆ ಕುಡಿದ್ರೆ ಆಗುತ್ತೆ ಬಿಡಿ ಸಾರ್" ಅಂದರು. ನಾಲ್ಕೂವರೆಗೆ ಚಾಮರಾಜಪೇಟೆ.

ಬಾಗಿಲು ತೆರೆದಾಗ ಅಮ್ಮಿ ಮಾತಾಡಲಿಲ್ಲ, ಮೊದಲು ತಟ್ಟೆ ಇಟ್ಟರು. ಚಪಾತಿ, ಖೀಮಾ, ಮೊಸರು, ಬಾಳೆಹಣ್ಣು. ಅಳುವುದು ಕೇಳುವುದು ಎಲ್ಲ ಬೆಳಗಿನ ಫಜರ್ ನಮಾಜ್ ಆದ ಮೇಲೆ.

ಬೆಳಗ್ಗೆ ಮಗಳು ಕೇಳಿದಳು, "ಆಜಾನ್ ಯಾಕೆ ಕೇಳಿಸಲಿಲ್ಲ?" ಮಸ್ಕತ್‌ನಲ್ಲಿ ನಾಲ್ಕೂ ದಿಕ್ಕಿನಿಂದ ಕೇಳಿಸುತ್ತೆ. ಇಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, ಬೆಳಗಿನ ಆಜಾನ್ ಮೈಕಿಲ್ಲದೆ ಮಸೀದಿಯೊಳಗೇ ಆಗುತ್ತೆ ಅಂತ ಹೇಳಿದೆ. ಹಾಗಾದರೆ ಎಲ್ಲರೂ ಹೇಗೆ ಏಳುತ್ತಾರೆ ಅಂತ ಅವಳ ಮುಂದಿನ ಪ್ರಶ್ನೆ. ಅಮ್ಮಿ ನಕ್ಕು, ಮೂರೂವರೆಗೆ ತಾನು ಎದ್ದು ತಂಗಿಗೆ ಫೋನ್ ಮಾಡುವುದು, ತಂಗಿ ಅವಳ ನಾದಿನಿಗೆ ಮಾಡುವುದು, ನಾದಿನಿ ಎದುರು ಮನೆಯವರ ಬಾಗಿಲು ತಟ್ಟುವುದು, ಈ ಸರಪಳಿಯನ್ನ ವಿವರಿಸಿದರು.

ಇದನ್ನೇ ನಾನು ಹೇಳಬೇಕು ಅಂದುಕೊಂಡಿದ್ದು. ಬೆಂಗಳೂರು ನಿಮ್ಮ ರೋಜಾಗೋಸ್ಕರ ನಿಲ್ಲುವುದಿಲ್ಲ. ಹೊರಗೆ ದರ್ಶಿನಿಯಲ್ಲಿ ದೋಸೆ ಹುಯ್ಯುತ್ತಿರುತ್ತಾರೆ, ಆಫೀಸು ಆರಕ್ಕೇ ಮುಗಿಯೋದು, ಸಂಜೆ ರೋಜಾ ಬಿಡುವ ಇಫ್ತಾರ್ ಹೊತ್ತಿಗೆ ಜನ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡು ಬಸ್ಸಲ್ಲೇ ಖರ್ಜೂರ ಬಾಯಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿ ಸರ್ಕಾರ ಮಾಡಿಕೊಡುವ ಅನುಕೂಲವನ್ನ ಇಲ್ಲಿ ಒಬ್ಬರಿಗೊಬ್ಬರು ಮಾಡಿಕೊಳ್ಳಬೇಕು. ಕಷ್ಟವೇ. ಆದರೆ ಹಾಗೆ ಮಾಡಿಕೊಳ್ಳುತ್ತಾ ಮಾಡಿಕೊಳ್ಳುತ್ತಾ ಜನ ಜನಕ್ಕೆ ಅಂಟಿಕೊಂಡುಬಿಟ್ಟಿರುತ್ತಾರೆ.

ಮಧ್ಯಾಹ್ನದ ಜೊಹರ್ ನಮಾಜ್ ಆದ ಮೇಲೆ ನಮ್ಮ ಬೀದಿಯ ಮಸೀದಿ ಹಿಂದೆ ಗಂಜಿ ಬೇಯುತ್ತಿತ್ತು, ಹೋಗಿ ನಿಂತೆ. ದೊಡ್ಡ ದೇಗ್‌ನಲ್ಲಿ ಎಣ್ಣೆ, ಚಕ್ಕೆ ಲವಂಗ, ಈರುಳ್ಳಿ. ಶುಂಠಿ ಬೆಳ್ಳುಳ್ಳಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಖೀಮಾ ಹಾಕಿ, ಪುದೀನ ಕೊತ್ತಂಬರಿ ಟೊಮೇಟೊ ಹಾಕಿ, ನೀರು ಕುದಿ ಬಂದ ಮೇಲೆ ನುಚ್ಚಕ್ಕಿ, ಹೆಸರುಬೇಳೆ, ಒಂಚೂರು ಮೆಂತ್ಯ. ಆಮೇಲೆ ಒಬ್ಬರು ಬಿಡದೆ ತಿರುವುತ್ತಿರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತೆ. ತಿರುವುವವರು ರೋಜಾದಲ್ಲಿದ್ದಾರೆ, ಉಪ್ಪು ನೋಡುವ ಹಾಗಿಲ್ಲ. ಅಡುಗೆಯ ಚಾಚಾ ಉಪ್ಪನ್ನ ಕೈ ಅಳತೆಯಲ್ಲೇ ಹಾಕುತ್ತಾರೆ. ಕೊನೆಗೆ ತೆಂಗಿನಕಾಯಿ ಹಾಲು. ಸಂಜೆಯ ಅಸರ್ ನಮಾಜ್ ಆಗುತ್ತಿದ್ದ ಹಾಗೆ ಸ್ಟೀಲ್ ತೂಕು ಪಾತ್ರೆ, ಟಿಫನ್ ಡಬ್ಬಿ ಹಿಡಿದ ಮಕ್ಕಳ ಸಾಲು. ಆ ಸಾಲಲ್ಲಿ ಯಾರ ಮನೆಯ ಮಗು ಅಂತ ಕೇಳುವ ಪದ್ಧತಿ ಇಲ್ಲ, ಹಿಂದಿನ ಬೀದಿಯ ಹಿಂದೂ ಮನೆಗಳ ಮಕ್ಕಳೂ ಬಂದಿದ್ದವು. ಮಗಳು ತೂಕು ಹಿಡಿದು ಸಾಲಲ್ಲಿ ನಿಂತಳು. ವಾಪಸ್ ಬರುವ ಹೊತ್ತಿಗೆ ಇಬ್ಬರು ಗೆಳತಿಯರು ಜೊತೆಗಿದ್ದರು.

ಗುರುವಾರ, ಮಾರ್ಚ್ 27

ಹಗಲೆಲ್ಲ ನಿದ್ದೆ. ರಾತ್ರಿ ಇಪ್ಪತ್ತೇಳನೆಯ ರಾತ್ರಿ, ಶಬ್-ಎ-ಖದ್ರ್. ಕುರಾನ್ ಇಳಿದು ಬಂದ ರಾತ್ರಿ ಕೊನೆಯ ಹತ್ತು ದಿನದ ಬೆಸ ರಾತ್ರಿಗಳಲ್ಲಿ ಯಾವುದಾದರೂ ಆಗಿರಬಹುದು ಅಂತ ನಂಬಿಕೆ, ನಮ್ಮಲ್ಲಿ ಇಪ್ಪತ್ತೇಳನೆಯದನ್ನ ವಿಶೇಷವಾಗಿ ಜಾಗರಣೆ ಮಾಡುತ್ತಾರೆ. ತರಾವೀಹ್‌ನಲ್ಲಿ, ಅಂದರೆ ರಂಜಾನ್ ರಾತ್ರಿಗಳ ನಮಾಜಿನಲ್ಲಿ, ಇಡೀ ತಿಂಗಳು ಓದಿಕೊಂಡು ಬಂದ ಕುರಾನ್ ಇವತ್ತು ಮುಗಿಯಿತು. ಓದಿದ, ಇಡೀ ಕುರಾನ್ ಬಾಯಿಪಾಠ ಮಾಡಿದ ಹಾಫಿಜ್ ಹುಡುಗನಿಗೆ ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. ಕೊನೆಯ ಸೂರಾ ಓದುವಾಗ ಅವನ ಧ್ವನಿ ಒಡೆಯಿತು, ಹಿಂದೆ ನಿಂತವರಲ್ಲೂ ತುಂಬ ಜನ ಅತ್ತರು.

ಮಸ್ಕತ್‌ನಲ್ಲಿ ಸುಲ್ತಾನ್ ಖಾಬೂಸ್ ಗ್ರ್ಯಾಂಡ್ ಮಸೀದಿ ಇದೆ, 2001ರಲ್ಲಿ ತೆರೆದದ್ದು. ಆ ದೀಪದ ಗೊಂಚಲು, ಆ ನೆಲಹಾಸು ನೋಡಲು ಪ್ರವಾಸಿಗರು ಎಲ್ಲೆಲ್ಲಿಂದಲೋ ಬರುತ್ತಾರೆ. ಅಲ್ಲಿ ನಿಂತು ನಮಾಜ್ ಮಾಡುವುದೂ ಒಂದು ಭಾಗ್ಯ. ಒಮಾನಿಗಳಲ್ಲಿ ಬಹಳ ಜನ ಇಬಾದಿ ಪಂಥದವರು, ಕೈ ಕಟ್ಟದೆ ಇಳಿಬಿಟ್ಟು ನಿಲ್ಲುತ್ತಾರೆ. ಪಕ್ಕದಲ್ಲಿ ನಾವು ಕಟ್ಟಿಕೊಂಡು ನಿಲ್ಲುತ್ತೇವೆ, ಯಾರೂ ಯಾರನ್ನೂ ತಿದ್ದುವುದಿಲ್ಲ. ನನಗೆ ಇದು ತುಂಬ ಇಷ್ಟ. ಆದರೂ ಇವತ್ತು, ಫ್ಯಾನ್ ಕಿರುಗುಡುವ ನಮ್ಮ ಬೀದಿಯ ಮಸೀದಿಯಲ್ಲಿ, ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದೆ. ಪಕ್ಕದವರು ಅಪ್ಪನ ಹೆಸರು ಹೇಳಿ "ಅವರ ಮಗ ಅಲ್ವಾ" ಅಂತ ಕೇಳಿದರು.

ಶುಕ್ರವಾರ, ಮಾರ್ಚ್ 28

ರಂಜಾನ್‌ನ ಕೊನೆಯ ಜುಮ್ಮಾ. ಸಾಲುಗಳು ಮಸೀದಿ ದಾಟಿ ಮೆಟ್ಟಿಲವರೆಗೆ ಬಂದಿದ್ದವು.

ಇಫ್ತಾರ್ ಆದ ಮೇಲೆ ಶಿವಾಜಿನಗರಕ್ಕೆ ಹೋದೆವು. ರಸೆಲ್ ಮಾರ್ಕೆಟ್ 1927ರಲ್ಲಿ ಕಟ್ಟಿದ್ದು, ಎದುರಿಗೆ ಸೇಂಟ್ ಮೇರಿಸ್ ಬೆಸಿಲಿಕಾ. ಚರ್ಚಿಗೆ ಬಂದವರು, ತರಾವೀಹ್‌ಗೆ ಹೊರಟವರು, ಸುಮ್ನೆ ತಿನ್ನಲು ಬಂದವರು, ಎಲ್ಲರೂ ಆ ಒಂದೇ ಚೌಕದಲ್ಲಿ. ಅಲ್ಲಿ ಹಲೀಂ, ಸೀಖ್ ಕಬಾಬ್, ಖೀಮಾ ಸಮೋಸ. ಬಿಸಿ ಕಲ್ಲಿನ ಮೇಲೆ ಸುಡುವ ಪತ್ಥರ್ ಕಾ ಗೋಶ್ತ್ ಮುಂದೆ ಮಗಳು ಕಾಲು ಗಂಟೆ ನಿಂತಳು. ಅಲ್ಲಿಂದ ಫ್ರೇಜರ್ ಟೌನ್‌ನ ಮಾಸ್ಕ್ ರೋಡ್. 1902ರಿಂದ ಇರುವ ಆಲ್ಬರ್ಟ್ ಬೇಕರಿಯಲ್ಲಿ ಖೋವಾ ನಾನ್ ಕಟ್ಟಿಸಿಕೊಂಡೆವು. ಮಾಸ್ಕ್ ರೋಡ್‌ನಲ್ಲಿ ಮೊದಲಿನ ಹಾಗೆ ರಸ್ತೆಗೆ ಚಾಚಿಕೊಂಡ ಮಳಿಗೆಗಳ ಸಾಲು ಈಗ ಇಲ್ಲ. ಕಸ, ಹೊಗೆ, ಟ್ರಾಫಿಕ್ ಅಂತ ಅಲ್ಲಿ ವಾಸ ಮಾಡುವವರು ಆಕ್ಷೇಪಿಸಿದ್ದರು. ಅವರ ಮಾತಲ್ಲಿ ನ್ಯಾಯ ಇದೆ. ರಂಜಾನ್ ಅಂದರೆ ರಾತ್ರಿ ಎರಡು ಗಂಟೆಯವರೆಗೆ ರಸ್ತೆ ಕಟ್ಟಿ ತಿನ್ನುವ ಜಾತ್ರೆ ಅಂತ ಆಗುವುದು ನನಗೂ ಇಷ್ಟ ಇಲ್ಲ. ಹಗಲೆಲ್ಲ ಹಸಿದು ಕಲಿತದ್ದನ್ನ ರಾತ್ರಿ ಒಂದೇ ಏಟಿಗೆ ಮರೆತರೆ ಹೇಗೆ?

ಶನಿವಾರ, ಮಾರ್ಚ್ 29

ನಾಳೆ ಯುಗಾದಿ, ನಾಡಿದ್ದು ಬಹುಶಃ ಈದ್. ಕೆ.ಆರ್. ಮಾರ್ಕೆಟ್ ಹೇಗಿರಬೇಕು ಊಹಿಸಿಕೊಳ್ಳಿ.

ಅಮ್ಮಿಗೆ ಶೀರ್ ಖುರ್ಮಾ, ಅಂದರೆ ಈದ್ ದಿನದ ಸೇವಿಗೆ ಪಾಯಸದ, ಸಾಮಾನು ಬೇಕು. ಪಕ್ಕದ ಮನೆ ಅಜ್ಜಿಗೆ ಮಾವಿನ ಎಲೆ, ಬೇವಿನ ಹೂವು, ಮಲ್ಲಿಗೆ. ಅಜ್ಜಿಯ ಮಗ ಪೂಜೆ ಸಾಮಾನಿಗೆ ಮಲ್ಲೇಶ್ವರದ ಕಡೆ ಹೋಗಿದ್ದರು, ಹಾಗಾಗಿ ಎರಡೂ ಪಟ್ಟಿ ಹಿಡಿದು ನಾನೇ ಹೊರಟೆ. ಜಾಮಿಯಾ ಮಸೀದಿ ಮುಂದೆ ಟೋಪಿ, ಅತ್ತರ್, ಸುರ್ಮಾ, ಹಗ್ಗಕ್ಕೆ ನೇತುಹಾಕಿದ ಮಕ್ಕಳ ಕುರ್ತಾ. ಹತ್ತು ಹೆಜ್ಜೆ ಆಚೆಗೆ ಗೋಣಿಚೀಲದ ಮೇಲೆ ಬೇವಿನ ಸೊಪ್ಪಿನ ಗುಡ್ಡೆ. ಸೇವಿಗೆ ಮಾರುವವನ ಹತ್ತಿರ ಕುಂಕುಮ ಇಟ್ಟ ಹೆಂಗಸರೂ ಪಾಯಸಕ್ಕೆ ಅಂತ ಸೇವಿಗೆ ಕೊಳ್ಳುತ್ತಿದ್ದರು. ಚಾರೊಳಿಯ ಬೆಲೆ ಕೇಳಿ ಗಾಬರಿಯಾಯಿತು, ಆದರೂ ಅದಿಲ್ಲದೆ ಶೀರ್ ಖುರ್ಮಾ ಆಗಲ್ಲ ಅಂತ ಅಮ್ಮಿ ಹೇಳಿ ಕಳಿಸಿದ್ದರು. ಹೂವಿನ ಅಂಗಡಿಯ ಅಕ್ಕ ಮಲ್ಲಿಗೆ ಅಳೆಯುತ್ತಾ, "ನಾಳೆ ಚಂದ್ರ ಕಾಣ್ಸುತ್ತಾ?" ಅಂತ ಕೇಳಿದರು. "ಕಾಣ್ಸಿದ್ರೆ ಸೋಮವಾರ ನಮ್ಗೂ ವ್ಯಾಪಾರ, ನಿಮ್ಗೂ ಹಬ್ಬ."

ಬರುವಾಗ ಕಾಟನ್‌ಪೇಟೆ ಮೂಲಕ ನಡೆದೆ. ಅಲ್ಲಿ ತವಕ್ಕಲ್ ಮಸ್ತಾನ್ ದರ್ಗಾ ಇದೆ, ಬೆಂಗಳೂರು ಕರಗ ಪ್ರತಿ ವರ್ಷ ಚೈತ್ರ ಹುಣ್ಣಿಮೆಯ ರಾತ್ರಿ ಬಂದು ಹೋಗುವ ದರ್ಗಾ. ಈ ಸಲದ ಕರಗಕ್ಕೆ ಇನ್ನೆರಡು ವಾರ ಇತ್ತು. ಅಷ್ಟರಲ್ಲಿ ನಾವು ವಾಪಸ್ ಹೋಗಿರುತ್ತೇವಲ್ಲ ಅಂತ ಸಂಕಟ ಆಯಿತು. ಚಿಕ್ಕಂದಿನಲ್ಲಿ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು.

ರಾತ್ರಿ ಫೋನ್ ಮೇಲೆ ಫೋನ್. ಸೌದಿ, ದುಬೈ ಎಲ್ಲ ಕಡೆ ಚಂದ್ರ ಕಂಡಿತು, ನಾಳೆಯೇ ಈದ್. ದುಬೈಯಲ್ಲಿರುವ ಹೆಂಡತಿಯ ಅಣ್ಣ ಆಗಲೇ ಮುಬಾರಕ್ ಹೇಳಿದ. ಒಮಾನ್ ಮಾತ್ರ ತನ್ನ ಲೆಕ್ಕದಲ್ಲೇ ಹೋಗುತ್ತೆ, ಅಲ್ಲಿ ಕಂಡಿಲ್ಲ ಅಂತ ಘೋಷಣೆ ಆಯಿತು, ಅಲ್ಲೂ ಸೋಮವಾರವೇ. ಇದರಲ್ಲಿ ನಮ್ಮ ಮೂವರದ್ದೇ ಒಂದು ಸಮಸ್ಯೆ ಇತ್ತು. ಒಮಾನ್‌ನಲ್ಲಿ ಮಾರ್ಚ್ 1ರಿಂದ ರೋಜಾ ಶುರು, ಭಾರತದಲ್ಲಿ ಮಾರ್ಚ್ 2ರಿಂದ. ಭಾನುವಾರ ಇಲ್ಲಿಯವರಿಗೆ 29ನೇ ರೋಜಾ ಆದರೆ ನಮಗೆ 30. ಭಾನುವಾರ ಸಂಜೆ ಚಂದ್ರ ಕಾಣದಿದ್ದರೆ? ಇಸ್ಲಾಮೀ ತಿಂಗಳಿಗೆ 31ನೇ ದಿನ ಅಂತ ಇಲ್ಲವೇ ಇಲ್ಲ. ಮಸೀದಿಯ ಮೌಲಾನಾರನ್ನ ಕೇಳಿದೆ. ಯಾವ ಊರಲ್ಲಿ ಇದ್ದೀರೋ ಆ ಊರಿನ ಜನದ ಜೊತೆ ರೋಜಾ, ಆ ಊರಿನ ಜನದ ಜೊತೆ ಈದ್, 31 ಆದರೂ ಹಿಡಿಯಿರಿ ಅಂದರು. ಆ ಉತ್ತರ ನನಗೆ ಬಹಳ ಹಿಡಿಸಿತು. ಹಬ್ಬದ ಲೆಕ್ಕ ನನ್ನೊಬ್ಬನದ್ದಲ್ಲ, ಸುತ್ತ ಇರುವವರದ್ದು.

ಭಾನುವಾರ, ಮಾರ್ಚ್ 30, ಯುಗಾದಿ

ವಿಶ್ವಾವಸು ಸಂವತ್ಸರ ಶುರುವಾದ ದಿನ. ಬೆಳಗ್ಗೆ ಎದ್ದಾಗ ಪಕ್ಕದ ಮನೆ ಬಾಗಿಲಿಗೆ ತೋರಣ, ಅಂಗಳದಲ್ಲಿ ದೊಡ್ಡ ರಂಗೋಲಿ, ಅದರ ಬಣ್ಣ ನಮ್ಮ ಗೇಟಿನವರೆಗೂ ಬಂದಿತ್ತು. ಒಳಗಿಂದ ಲೋಬಾನದ ಹೊಗೆ. ನಾನು ತಂದುಕೊಟ್ಟಿದ್ದೇ, ಅಜ್ಜಿ ಪೂಜೆಗೆ ಹಾಕಿದ್ದರು.

ಪ್ರತಿ ಯುಗಾದಿಗೆ ಅಜ್ಜಿ ಬೆಳಗ್ಗೆಯೇ ಬೇವು ಬೆಲ್ಲ ತಂದು ನಮ್ಮ ಕೈಗೆ ಹಾಕುವುದು ರೂಢಿ. ಈ ಸಲ ಬರಲಿಲ್ಲ. ಮಧ್ಯಾಹ್ನ ಕಾಂಪೌಂಡ್ ಆಚೆಯಿಂದ ಕೂಗಿ ಹೇಳಿದರು, "ನಿಮ್ದು ಉಪವಾಸ ಬಿಡೋ ಹೊತ್ತಿಗೆ ತರ್ತೀನಿ, ಈಗ ವಾಸ್ನೆ ತೋರಿಸಿ ಯಾಕೆ ಹಿಂಸೆ ಕೊಡ್ಲಿ." ಒಬ್ಬಟ್ಟಿನ ವಾಸನೆ ಮಾತ್ರ ಅವರ ಮಾತು ಕೇಳದೆ ನಮ್ಮ ಅಡುಗೆಮನೆಗೆ ಬಂದೇ ಬಂತು.

ಆರೂಕಾಲಕ್ಕೆ ಅಜ್ಜಿ ಬಂದರು, ಹಿಂದೆ ಸೊಸೆ, ಮೊಮ್ಮಕ್ಕಳು. ಸ್ಟೀಲ್ ಬಟ್ಟಲಿಗೆ ತಟ್ಟೆ ಮುಚ್ಚಿಕೊಂಡು ತಂದಿದ್ದರು. ಊಟಕ್ಕೆ ಹಾಸಿದ ನಮ್ಮ ದಸ್ತರ್‌ಖಾನ್ ಮೇಲೆ ಖರ್ಜೂರ, ಗಂಜಿ, ಕಲ್ಲಂಗಡಿ, ಅದರ ಪಕ್ಕದಲ್ಲಿ ಬೇವು ಬೆಲ್ಲ, ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ. ಆಜಾನ್ ಆಗುವವರೆಗೆ ಅಜ್ಜಿಯೂ ನಮ್ಮ ಜೊತೆ ಸುಮ್ಮನೆ ಕೂತರು, ಮೊಮ್ಮಗ ಒಬ್ಬಟ್ಟಿಗೆ ಕೈ ಹಾಕಲು ಹೋದರೆ ಗದರಿಸಿದರು. ಖರ್ಜೂರ ತಿಂದು ನೀರು ಕುಡಿದ ಮೇಲೆ ಅಜ್ಜಿ ಒಬ್ಬೊಬ್ಬರ ಅಂಗೈಗೂ ಬೇವು ಬೆಲ್ಲ ಹಾಕಿದರು. ಬೇವಿನ ಹೂವು, ಒಂದೆರಡು ಎಳೆ ಚಿಗುರು, ಪುಡಿ ಮಾಡಿದ ಬೆಲ್ಲ, ಹುರಿಗಡಲೆ. ಹದಿಮೂರು ಗಂಟೆ ಏನೂ ತಾಗದ ನಾಲಿಗೆಗೆ ಆ ಕಹಿ ಎಷ್ಟು ಚುರುಕಾಗಿ ತಾಗುತ್ತೆ ಅಂದರೆ, ಬೆಲ್ಲದ ಸಿಹಿ ಅದರ ಹಿಂದೆಯೇ ಬರುವವರೆಗೆ ಕಣ್ಣು ಮುಚ್ಚಿಕೊಂಡಿದ್ದೆ. ಇಂಥ ಬೇವು ಬೆಲ್ಲ ನಾನು ಹಿಂದೆ ತಿಂದಿಲ್ಲ.

ಮಗ್ರಿಬ್ ನಮಾಜ್ ಮುಗಿಸಿ ಎಲ್ಲರೂ ನಮ್ಮ ತಾರಸಿಗೆ ಹತ್ತಿದೆವು. ನಮಗೆ ಈದ್ ಚಂದ್ರ ಬೇಕು. ಅವರಿಗೆ ಯುಗಾದಿಯ ಚಂದ್ರ ದರ್ಶನ. ಅಮಾವಾಸ್ಯೆ ಶನಿವಾರವೇ ಕಳೆದಿತ್ತು, ಎರಡು ಪಂಚಾಂಗಕ್ಕೂ ಬೇಕಾಗಿದ್ದು ಒಂದೇ ಚಂದ್ರ, ಒಂದೇ ಸಂಜೆ. ಮೈಸೂರು ರಸ್ತೆಯ ಕಡೆ ಪಶ್ಚಿಮದಲ್ಲಿ ಸ್ವಲ್ಪ ಮೋಡ, ಅದರ ಕೆಳಗೆ ಕೇಬಲ್ ತಂತಿ, ನೀರಿನ ಟ್ಯಾಂಕು. ಸುತ್ತ ಎಲ್ಲ ತಾರಸಿಗಳ ಮೇಲೂ ಜನ. ಮೊದಲು ಕಂಡಿದ್ದು ಅಜ್ಜಿಯ ಮೊಮ್ಮಗಳಿಗೆ. "ಅಗೋ, ಟ್ಯಾಂಕಿನ ಬಲಕ್ಕೆ!" ತೆಳ್ಳಗಿನ ಗೆರೆ, ಆದರೆ ಸ್ಪಷ್ಟವಾಗಿತ್ತು. ಅಮ್ಮಿ ಸೆರಗು ಹೊದ್ದು ದುವಾ ಮಾಡಿದರು. ಅಜ್ಜಿ ಕೈ ಮುಗಿದರು. ಆಮೇಲೆ ಅವರ ಮನೆಯ ಪದ್ಧತಿ ಪ್ರಕಾರ ಮೊಮ್ಮಕ್ಕಳು ಅಜ್ಜಿಯ ಕಾಲಿಗೆ ಬಿದ್ದವು. ನಮ್ಮ ಮಗಳು ಅಮ್ಮಿಯನ್ನ ಅಪ್ಪಿಕೊಂಡು ಸಲಾಂ ಹೇಳಿ, ಅಜ್ಜಿಯನ್ನೂ ಅಪ್ಪಿಕೊಂಡಳು. ಅಜ್ಜಿ ಅವಳ ತಲೆ ಮೇಲೆ ಕೈ ಇಟ್ಟು ನೂರು ರೂಪಾಯಿ ಕೊಟ್ಟರು. ಅವಳ ಮೊದಲ ಈದಿ, ಅಂದರೆ ಹಿರಿಯರು ಕೊಡುವ ಹಬ್ಬದ ದುಡ್ಡು, ಈದ್‌ಗೆ ಮುಂಚೆಯೇ ಬಂತು.

ಸ್ವಲ್ಪ ಹೊತ್ತಿಗೆ ಚಂದ್ರ ಕಂಡಿದ್ದನ್ನ ಖಚಿತ ಮಾಡುವ ಹಿಲಾಲ್ ಕಮಿಟಿಯ ಘೋಷಣೆ ಬಂತು, ನಾಳೆ ಈದ್. ಪಟಾಕಿ ಶುರುವಾಯಿತು. ನಮಗೆ 31ನೇ ರೋಜಾ ಬೇಕಾಗಲಿಲ್ಲ.

ಚಾಂದ್ ರಾತ್, ಅಂದರೆ ಈದ್ ಹಿಂದಿನ ರಾತ್ರಿ, ನಿದ್ದೆಯ ರಾತ್ರಿಯಲ್ಲ. ತಂಗಿ ಬಂದಳು, ಹೆಂಗಸರೆಲ್ಲ ಮೆಹಂದಿ ಹಾಕಿಸಿಕೊಂಡರು. ಅಮ್ಮಿ ಖರ್ಜೂರ ಸೀಳಿ ಹಾಲಲ್ಲಿ ನೆನೆಸಿದರು, ಬಾದಾಮಿ ಸಿಪ್ಪೆ ಸುಲಿದು ಉದ್ದಕ್ಕೆ ಹೆಚ್ಚುವ ಕೆಲಸ ನನ್ನ ಪಾಲಿಗೆ. ಫಿತ್ರಾ ದುಡ್ಡನ್ನ ಆಗಲೇ ಕೊಟ್ಟು ಬಂದಿದ್ದೆ. ಈದ್ ನಮಾಜಿಗೆ ಮುಂಚೆ ಅದು ಬಡವರ ಕೈ ಸೇರಬೇಕು, ಅವರ ಮನೆಯಲ್ಲೂ ಒಲೆ ಹತ್ತಬೇಕು. ಒಮಾನ್‌ನಲ್ಲಿ ಮನೆಯ ಪ್ರತಿ ತಲೆಗೆ ಇಷ್ಟು ಅಂತ ಅಕ್ಕಿ ಕೊಡುವುದು ರೂಢಿ, ಇಲ್ಲಿ ಗೋಧಿಯ ಬೆಲೆ ಲೆಕ್ಕ ಹಾಕಿ ದುಡ್ಡು.

ಸೋಮವಾರ, ಮಾರ್ಚ್ 31, ಈದ್

ಸ್ನಾನ, ಹೊಸ ಬಟ್ಟೆ, ಅತ್ತರ್. ಬಾಯಿಗೆ ಒಂದು ಖರ್ಜೂರ ಹಾಕಿಕೊಂಡು ಈದ್ಗಾ ಮೈದಾನಕ್ಕೆ ನಡೆದೆವು. ದಾರಿಯುದ್ದಕ್ಕೂ ದೇವರನ್ನ ಹೊಗಳುವ ತಕ್‌ಬೀರ್. ಮಸ್ಕತ್‌ನಲ್ಲಿ ನಮಾಜ್ ಮುಗಿದ ಮೇಲೆ ಅಪ್ಪಿಕೊಂಡವರ ಹೆಸರು ಗೊತ್ತಿರುತ್ತಿರಲಿಲ್ಲ. ಇಲ್ಲಿ ಮೈದಾನದಿಂದ ಹೊರಗೆ ಬರಲೇ ಒಂದು ಗಂಟೆ ಹಿಡಿಯಿತು. ಶಾಲೆಯ ಗೆಳೆಯರು, ಅಪ್ಪನ ಜೊತೆ ಕೆಲಸ ಮಾಡಿದವರು, ಸೈಕಲ್ ರಿಪೇರಿಯ ಚಾಚಾ, ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸಿದ ಮೇಷ್ಟ್ರ ಮಗ ಕೂಡ ಗೇಟಿನ ಹೊರಗೆ ಶುಭಾಶಯ ಹೇಳಲು ನಿಂತಿದ್ದ. ಅಲ್ಲಿಂದ ಮೈಸೂರು ರಸ್ತೆಯ ಖಬರಸ್ತಾನಕ್ಕೆ, ಅಪ್ಪನ ಸಮಾಧಿಯ ಹತ್ತಿರ. ಫೋನಿನಲ್ಲಿ ಎಲ್ಲ ಮಾಡಬಹುದು, ಇದೊಂದು ಮಾಡಲಾಗುವುದಿಲ್ಲ.

ಮನೆಗೆ ಬಂದಾಗ ಶೀರ್ ಖುರ್ಮಾ ತಯಾರು. ತುಪ್ಪದಲ್ಲಿ ಹುರಿದ ಸೇವಿಗೆಯನ್ನ ಅಮ್ಮಿ ಕೊನೆಯ ಗಳಿಗೆಯಲ್ಲೇ ಹಾಲಿಗೆ ಹಾಕುವುದು, ಮುಂಚೆ ಹಾಕಿದರೆ ಅದು ಮುದ್ದೆಯಾಗುತ್ತೆ. ಆಮೇಲೆ ಬಾಗಿಲು. ಬಾಗಿಲು ಹಾಕಲೇ ಇಲ್ಲ ಅವತ್ತು. ಬೆಳಗ್ಗೆ ಹತ್ತರಿಂದ ರಾತ್ರಿ ಹನ್ನೊಂದರವರೆಗೆ ಜನ. ಸೋದರಮಾವಂದಿರು, ಅವರ ಮಕ್ಕಳು, ತಂಗಿಯ ಅತ್ತೆ ಮನೆಯವರು, ಪೋಸ್ಟ್‌ಮ್ಯಾನ್, ಹಾಲಿನವರು, ಕಸ ತೆಗೆದುಕೊಂಡು ಹೋಗುವ ಅಕ್ಕ. ಕೂರಲು ಜಾಗ ಇಲ್ಲದೆ ಮಕ್ಕಳು ಮೆಟ್ಟಿಲ ಮೇಲೆ ಬಿರಿಯಾನಿ ತಿಂದವು. ಮಗಳು ಮಧ್ಯಾಹ್ನ ಓಡಿ ಬಂದು ನನ್ನ ಕಿವಿಯಲ್ಲಿ ಕೇಳಿದಳು, "ಇವರೆಲ್ಲ ನಮ್ಮವರಾ?"

ಅವತ್ತೇ ಹೊಸತೊಡಕು ಬೇರೆ. ಯುಗಾದಿ ಮಾರನೆಯ ದಿನ ಮಾಂಸದೂಟ ಮಾಡುವುದು ನಮ್ಮ ಹಳೇ ಮೈಸೂರು ಕಡೆಯವರ ದೊಡ್ಡ ಸಂಭ್ರಮ. ಅಜ್ಜಿಯ ಮಗ ಬೆಳಗಿನ ಜಾವ ನಾಲ್ಕಕ್ಕೇ ಮಟನ್ ಅಂಗಡಿಯ ಕ್ಯೂನಲ್ಲಿ ನಿಂತಿದ್ದರಂತೆ. ಸೋಮವಾರ ಅಂತ ಅಜ್ಜಿ ಮಾಂಸ ಮುಟ್ಟುವುದಿಲ್ಲ. ಅವರಿಗೆ ಅಂತ ಅಮ್ಮಿ ಹೊಸ ಪಾತ್ರೆಯಲ್ಲಿ ಬೇರೆಯಾಗಿ ಶೀರ್ ಖುರ್ಮಾ ಮಾಡಿ, ಬಿರಿಯಾನಿ ಕೆಲಸ ಶುರುವಾಗುವುದಕ್ಕೆ ಮುಂಚೆಯೇ ಕಳಿಸಿದ್ದರು. ಮನೆಯ ಉಳಿದವರಿಗೆ ನಮ್ಮ ಬಿರಿಯಾನಿ, ಅವರ ಮನೆಯಿಂದ ನಮಗೆ ಮುದ್ದೆ, ಮಟನ್ ಸಾರು. ನಮ್ಮ ಮನೆಯಲ್ಲಿ ಆ ಸಾರಿನ ಪಾತ್ರೆಯೇ ಮೊದಲು ಖಾಲಿಯಾಗಿದ್ದು.

ಮಂಗಳವಾರ, ಏಪ್ರಿಲ್ 1

ಇವತ್ತು ನಾವು ಮನೆ ಮನೆಗೆ ಹೋಗುವ ಸರದಿ. ತಿಲಕ್‌ನಗರ, ಪಾದರಾಯನಪುರ, ಟ್ಯಾನರಿ ರೋಡ್. ಹೋದ ಕಡೆಯಲ್ಲೆಲ್ಲ ಶೀರ್ ಖುರ್ಮಾ. ಬೇಡ ಅಂದರೆ ಕೇಳುವವರಿಲ್ಲ.

ಗುರುವಾರ, ಏಪ್ರಿಲ್ 3, ಮಸ್ಕತ್

ಬೆಳಗ್ಗೆ ಬಂದಿಳಿದಾಗ ರಸ್ತೆಗಳು ಇನ್ನೂ ಖಾಲಿ, ರಜೆ ಮುಗಿದಿರಲಿಲ್ಲ. ನಮ್ಮ ಕಟ್ಟಡದ ಕೆಳಗಿನ ದಿನಸಿ ಅಂಗಡಿಯ ಕಾಸರಗೋಡಿನ ಹುಡುಗ ಒಬ್ಬನೇ ಕೂತಿದ್ದ. ಈದ್ ಹೇಗಾಯ್ತು ಅಂತ ಕೇಳಿದೆ. ನಮಾಜ್ ಮಾಡಿ ಬಂದು ಮಲಗಿದೆ, ಸಂಜೆ ಅಂಗಡಿ ತೆಗೆದೆ ಅಂದ. ಮೇಲಿನ ಮಹಡಿಯಲ್ಲಿ ಒಂದೇ ರೂಮಿನಲ್ಲಿರುವ ಬಾಂಗ್ಲಾದೇಶದ ನಾಲ್ವರದ್ದೂ ಅದೇ ಕಥೆಯಂತೆ. ಹಾಸನದ ಗೆಳೆಯ ಯುಗಾದಿ ದಿನ ಬೇವು ಸಿಗಲಿಲ್ಲ ಅಂತ ಬೆಲ್ಲ ಮಾತ್ರ ತಿಂದನಂತೆ.

ಅಜ್ಜಿ ಕಟ್ಟಿಕೊಟ್ಟಿದ್ದ ಒಬ್ಬಟ್ಟು, ಅಮ್ಮಿ ಕೊಟ್ಟಿದ್ದ ಸೇವಿಗೆ ತೆಗೆದು ಅವತ್ತು ರಾತ್ರಿಯೇ ಎಲ್ಲರನ್ನೂ ಮನೆಗೆ ಕರೆದೆವು. ಏಳು ಜನ ಬಂದರು. ಅವರು ಹೋದ ಮೇಲೆ ಹೆಂಡತಿ ಮುಂದಿನ ಈದ್‌ನ ಮಾತು ತೆಗೆದಳು. ಊರಿಗೆ ಹೋಗಲು ಆಗದ ವರ್ಷ ನಮಾಜ್ ಆದ ಮೇಲೆ ನಮ್ಮ ಮನೆ ಬಾಗಿಲು ತೆರೆದೇ ಇರಬೇಕು, ಕಟ್ಟಡದಲ್ಲಿ ಇರುವವರಿಗೆಲ್ಲ ಮುಂಚೆಯೇ ಹೇಳಿಬಿಡೋಣ, ಒಬ್ಬಟ್ಟಿನ ಜವಾಬ್ದಾರಿ ಹಾಸನದವನ ಹೆಂಡತಿಗೆ, ಬಿರಿಯಾನಿ ನಮ್ಮದು ಅಂದಳು. ಮಾರನೇ ದಿನ ಕಾಸರಗೋಡಿನ ಹುಡುಗನ ಹತ್ತಿರ ರುವಿಯಲ್ಲಿ ದೊಡ್ಡ ದೇಗ್ ಬಾಡಿಗೆಗೆ ಸಿಗುತ್ತಾ ಅಂತ ವಿಚಾರಿಸಿದೆ. ಸಿಗುತ್ತೆ, ಆದರೆ ಹಬ್ಬಕ್ಕೆ ಎರಡು ವಾರ ಮುಂಚೆಯೇ ಹೇಳಿಡಬೇಕಂತೆ.